ಎರಡನೇ ಕುಬಸ

...ಅಥವಾ ಅದು ಎಡಗಡೆಯೇ ಇತ್ತೇನೋ. ನನ್ನ ನೆನಪಿನಲ್ಲಿ ಮಾತ್ರ ಅದು ಬಲಗಡೆ ಇದೆ. ಬಚ್ಚಲಿನ ಕಿಂಡಿಯಿಂದ ಬೆಳಗಿನ ಬಿಸಿಲು ಬೀಳುತ್ತಿದೆ, ಮೈಗೆ ಸಾಬೂನು ಹಚ್ಚಿಕೊಳ್ಳುತ್ತಿದ್ದೇನೆ, ಬಲ ಮೊಲೆಯ ಹೊರ ಅಂಚಿನಲ್ಲಿ, ಕಂಕುಳಿಗೆ ಹತ್ತಿರ, ಕಡಲೆಕಾಳಿನಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ತಗಲುತ್ತದೆ. ಡಾಕ್ಟರ ಚೀಟಿಯಲ್ಲಿ ಎಡ ಎಂದಿದೆ. ಹಾಗಾದರೆ ನಾನು ಅದನ್ನು ಮೊದಲು ಕಂಡದ್ದು ಕನ್ನಡಿಯಲ್ಲಿರಬೇಕು. ಕನ್ನಡಿಯೊಳಗೆ ಎದುರಿಗೆ ನಿಂತವಳ ಬಲಗಡೆ ನನ್ನ ಎಡಗಡೆ. ಆದರೆ ನಮ್ಮ ಬಚ್ಚಲಿನಲ್ಲಿ ಕನ್ನಡಿ ಇಲ್ಲ. ಕನ್ನಡಿ ಇರುವ ಕೋಣೆಯಲ್ಲಿ ಸಾಬೂನು ಇರುವುದಿಲ್ಲ.

ಇಷ್ಟನ್ನೇ ಸರಿಯಾಗಿ ಇಟ್ಟುಕೊಳ್ಳದ ತಲೆ ಉಳಿದದ್ದನ್ನು ಹೇಗೆ ಇಟ್ಟುಕೊಂಡಿದೆಯೋ ಎಂಬ ಅನುಮಾನದಲ್ಲೇ ಬರೆಯುತ್ತಿದ್ದೇನೆ. ಒಂದು ಸಂಗತಿಯಲ್ಲಿ ಮಾತ್ರ ಅನುಮಾನವಿಲ್ಲ. ಅದು ಬೆರಳಿಗೆ ತಗಲಿದಾಗ ನನಗೆ ಖುಷಿಯಾಯಿತು.

ಯಾಕೆ ಖುಷಿ ಎಂದು ಹೇಳಬೇಕಾದರೆ ನಮ್ಮ ಮನೆಯನ್ನು ಹೇಳಬೇಕು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿ ನಮ್ಮದು. ಗಿರಣಿಯ ಕರಿಬೂದಿ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಸಾರಿನ ಮೇಲೆ, ನನ್ನ ಹೊಲಿಗೆ ಮಷೀನಿನ ಮೇಲೆ ಬಂದು ಕೂರುತ್ತದೆ. ಮನೆಯಲ್ಲಿ ನಾವು ಮೂವರು. ಅವ್ವ, ನಾನು, ತಂಗಿ. ಹೆತ್ತ ಸಂಬಂಧವಲ್ಲ. ಮೂವರೂ ಗಂಡುಮಕ್ಕಳೆಂದು ತೊಟ್ಟಿಲಿಗೆ ಹಾಕಿಸಿಕೊಂಡವರು, ಹೆಣ್ಣುಗಳೆಂದು ತಿಳಿದುಕೊಂಡ ಮೇಲೆ ಹುಟ್ಟಿದ ಮನೆ ಬಿಟ್ಟವರು. ಅವ್ವ ಕುಕನೂರು ಕಡೆಯವಳು. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗಪ್ಪಳಾದವಳು. ಮಂಗಳವಾರ, ಶುಕ್ರವಾರ ಜೋಗ ಬೇಡಲು ಹೋಗುತ್ತಾಳೆ. ತಂಗಿ ಹುಲಿಹೈದರದವಳು, ಊರೊಳಗಿನ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡುತ್ತಾಳೆ. ನಾನು ಇರಕಲ್ಲಗಡದವಳು. ಜಂಪರ್ ಹೊಲಿಯುತ್ತೇನೆ. ಬೇರೆ ಕಡೆ ಅದಕ್ಕೆ ಬ್ಲೌಸ್ ಎನ್ನುತ್ತಾರೆ.

ಅವ್ವ ಯಾವ ಔಷಧವನ್ನೂ ಮುಟ್ಟಿದವಳಲ್ಲ. ಅವಳ ಕಾಲದಲ್ಲಿ ಅದು ಇರಲಿಲ್ಲ. ಸೀರೆ ಉಟ್ಟರೆ, ದೇವಿ ಒಪ್ಪಿದರೆ ಮುಗಿಯಿತು. ನಾನು ಮತ್ತು ತಂಗಿ ಗುಳಿಗೆಯವರು. ಮಕ್ಕಳಾಗಬಾರದೆಂದು ಹೆಂಗಸರು ನುಂಗುವ ಗುಳಿಗೆಯನ್ನೇ ಮೆಡಿಕಲ್ ಅಂಗಡಿಯಿಂದ ತಂದು, ನಮ್ಮ ಮೈ ಹೆಣ್ಣಾಗಲೆಂದು ನುಂಗುತ್ತಿದ್ದೆವು. ಅವರು ಒಂದು ನುಂಗಿದರೆ ನಾವು ಬೊಗಸೆ. ಎಷ್ಟು ನುಂಗಬೇಕೆಂದು ಹೇಳಿದ್ದು ನಮಗಿಂತ ಮೊದಲು ನುಂಗಿದವರು, ಅವರಿಗೆ ಅವರಿಗಿಂತ ಮೊದಲಿನವರು. ಆಮೇಲೆ ನನಗೊಬ್ಬ ಕಂಪೌಂಡರ್ ಸಿಕ್ಕ. ಸೂಜಿ ಚುಚ್ಚುತ್ತಿದ್ದ. ಗುಳಿಗೆ ಬಿಟ್ಟೆನೇ ಅಂದರೆ ಪೂರ್ತಿ ಬಿಡಲಿಲ್ಲ. ಎರಡೂ ನಡೆದಿದ್ದವು.

ಗುಳಿಗೆ ಶುರು ಮಾಡಿದ ಕೆಲವು ತಿಂಗಳಿಗೆ ಮೊಲೆತೊಟ್ಟಿನ ಹಿಂದೆ ಒಂದು ಗಂಟು ಕಟ್ಟುತ್ತದೆ. ಗಟ್ಟಿಯಾಗಿ, ಗುಂಡಿಯ ಹಾಗೆ. ಬಸ್ಸಿನಲ್ಲಿ ಯಾರದಾದರೂ ಮೊಣಕೈ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಗಂಟಿಗಾಗಿ ನಾವು ಕಾಯುತ್ತೇವೆ. ಹಾಸಿಗೆಯಲ್ಲಿ, ಬಚ್ಚಲಿನಲ್ಲಿ, ಅಂಗಡಿಯ ಕೌಂಟರಿನ ಹಿಂದೆ ನಿಂತು ಯಾರೂ ನೋಡದಾಗ ಒತ್ತಿ ಒತ್ತಿ ಹುಡುಕುತ್ತೇವೆ. ಬಂತೆಂದರೆ ಮೈ ನಮ್ಮ ಮಾತು ಕೇಳಿತು ಎಂದು ಅರ್ಥ. ನಮ್ಮ ಓಣಿಯ ಹೆಂಗಸರಿಗೆ ಎದೆಯಲ್ಲಿ ಗಂಟು ಎಂದರೆ ಹೆದರಿಕೆಯ ಮಾತು. ನಮಗೆ ಅದು ಬಾಗಿಲಿಗೆ ಬಂದ ಶುಭಸುದ್ದಿ.

ಅವ್ವ ಅದಕ್ಕೊಂದು ಪದ್ಧತಿಯನ್ನೇ ಮಾಡಿದ್ದಳು. ನಮ್ಮ ಕಡೆ ಬಸುರಿಗೆ ಮಾಡುವ ಸೀಮಂತಕ್ಕೆ ಕುಬಸ ಎನ್ನುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಹೊಸ ಖಣದ ಜಂಪರ್. ಅವ್ವ ಅದನ್ನು ಗಂಟಿಗೆ ಮಾಡುತ್ತಿದ್ದಳು. ಬೇರೆ ಮನೆಗಳಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ತಿಳಿಯದು. ನನಗೆ ಮೊದಲ ಗಂಟು ಬಂದಾಗ ಕುಷ್ಟಗಿಯ ಸಂತೆಯಿಂದ ಖಣ ತಂದು, ಮಣೆಯ ಮೇಲೆ ಕೂರಿಸಿ, ಎದೆಗೆ ಅರಿಸಿನ ಹಚ್ಚಿ ಉಡಿ ತುಂಬಿದಳು. ಹಚ್ಚುವಾಗ ಬೇಕೆಂದೇ ಹೆಬ್ಬೆರಳಿನಿಂದ ಒತ್ತಿದಳು. ನಾನು ಚೀರಿದೆ.

"ನೋಯ್ತೈತಿ?"

"ಭಾಳ ನೋಯ್ತೈತಿ ಬೇ!"

"ಹಂಗಾರ ಖರೇನ ಬಂದೈತಿ," ಎಂದು ನಕ್ಕಳು.

ಆ ಖಣದಿಂದ ಹೊಲಿದುಕೊಂಡದ್ದೇ ನನ್ನ ಅಳತೆಯ ಮೊದಲ ಜಂಪರ್.

ಈಗ ಎರಡನೇ ಗಂಟಿಗೆ ಬರುತ್ತೇನೆ. ಅಷ್ಟು ವರ್ಷಗಳ ಮೇಲೆ, ಕೂದಲಿಗೆ ಬಣ್ಣ ಹಚ್ಚಲು ಶುರುಮಾಡಿದ ಮೇಲೆ ಬಂದದ್ದು. ರೊಟ್ಟಿ ತಿನ್ನುವಾಗ ಹೇಳಿದೆ.

"ಅವ್ವಾ, ನನಗ ಇನ್ನೊಂದು ಗಂಟು ಬಂದೈತಿ."

ಅವ್ವನ ಕೈ ತಟ್ಟೆಯಲ್ಲೇ ನಿಂತಿತು. "ಅಯ್ಯ ಇಕಿನ! ಈ ವಯಸ್ಸಿನ್ಯಾಗ ಎರಡನೇ ಸಲ ಮೈನೆರಿಯಾಕ ಹೊಂಟಿ ಏನ?"

"ಸೂಜಿ ಕೆಲಸ ಮಾಡೈತಿ ಬಿಡು," ಅಂದಳು ತಂಗಿ, ಮುಖ ಸಣ್ಣದು ಮಾಡಿಕೊಂಡು. "ನನಗ ಒಂದೂ ಬರವಲ್ದು. ಇಕಿಗೆ ನೋಡು, ಮ್ಯಾಲಿಂದ ಮ್ಯಾಲ."

"ನಿನ್ನ ಗುಳಗಿ ನೀ ನುಂಗ್ತೀಯೋ ಬೆಕ್ಕಿಗಿ ಹಾಕ್ತೀಯೋ?"

"ಬೆಕ್ಕಿಗಿ ಹಾಕಿದ್ರ ಅದಕ್ಕಾರ ಬರ್ತಿತ್ತು."

ಮೂವರೂ ನಕ್ಕೆವು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದರಿಂದಲೇ ಅದರ ಮೇಲೆ ನಂಬಿಕೆ ಬರುವುದಿಲ್ಲ. ಬಹುಶಃ ಆವತ್ತು ತಂಗಿ ಮನೆಯಲ್ಲೇ ಇರಲಿಲ್ಲ, ಬೇರೆ ಯಾವತ್ತಿನದೋ ಬೆಕ್ಕಿನ ಮಾತನ್ನು ಇಲ್ಲಿಗೆ ತಂದು ಹೊಲಿದಿದ್ದೇನೆ. ಆದರೆ ಕುಬಸ ಆದದ್ದು ಸುಳ್ಳಲ್ಲ. ಎರಡನೇ ಕುಬಸ. ಓಣಿಯ ಹೆಂಗಸರೂ ಬಂದಿದ್ದರು. ಎದುರು ಮನೆಯವಳು ಉಡಿಗೆ ಅಕ್ಕಿ ಹಾಕುತ್ತ, "ಎಷ್ಟನೇ ತಿಂಗಳವಾ ನಿನಗ?" ಎಂದು ಛೇಡಿಸಿದಳು. ಅವ್ವ ಅರಿಸಿನ ಹಚ್ಚಿ ಒತ್ತಿದಳು. ನಾನು ಚೀರಿದೆ.

ಇಲ್ಲ. ಚೀರಲಿಲ್ಲ. ಚೀರಿದ್ದು ಮೊದಲ ಸಲ. ಎರಡನೇ ಸಲ ಅವ್ವ ಒತ್ತಿದಾಗ ಏನೂ ಆಗಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೆಂಗಸರು ಆರತಿಗೆ ಅವಸರ ಮಾಡುತ್ತಿದ್ದರು.

ಯಲಬುರ್ಗಾದ ಬಾಯಿ ಬಂದದ್ದು ಆಮೇಲೆ. ಆಮೇಲೆ ಎಂದೇ ಇಟ್ಟುಕೊಳ್ಳುತ್ತೇನೆ. ಗಂಗಾವತಿಗೆ ಮಗಳ ಮನೆಗೆ ಬಂದಾಗಲೆಲ್ಲ ನನ್ನಲ್ಲಿ ಜಂಪರ್ ಹೊಲಿಸುವ ಒಕ್ಕಲುತನದ ಮನೆಯ ಹೆಂಗಸು ಆಕೆ. ಅಳತೆ ಕೊಡಲು ನಿಂತಾಗ ಸೆರಗು ಸರಿಸಿ, ಮೆಲ್ಲಗೆ, "ಒಂದ ಕಡೆ ಒಳಗ ಚೀಲ ಹಚ್ಚಬೇಕವಾ. ಹತ್ತಿ ಅರಳಿ ತುಂಬಾಕ," ಅಂದಳು. ಟೇಪನ್ನು ಬೆನ್ನಿನಿಂದ ಮುಂದಕ್ಕೆ ತಂದರೆ ಒಂದು ಕಡೆ ಅದು ಚಪ್ಪಟೆಯಾಗಿ ಎಲುಬಿನ ಮೇಲೆ ಕೂತಿತು.

"ಯಾವಾಗ ತೆಗೆಸಿದ್ರಿ?" ಎಂದು ಕೇಳಿದೆ.

"ಹ್ವಾದ ಸುಗ್ಗಿಗೆ."

"ಭಾಳ ನೋಯ್ತಿತ್ತೇನ್ರಿ, ಮೊದಲ?"

ಆಕೆ ನನ್ನನ್ನು ದಡ್ಡಿ ಎನ್ನುವ ಹಾಗೆ ನೋಡಿದಳು. "ನೋಯ್ತಿದ್ರ ಅವತ್ತ ದವಾಖಾನಿಗೆ ಓಡ್ತಿದ್ನಲ್ಲವಾ. ನೋಯ್ಲಿಲ್ಲ. ಅದಕ್ಕ ಸುಮ್ನ ಕುಂತೆ."

ಟೇಪು ನನ್ನ ಕೈಯಲ್ಲೇ ಇತ್ತು. ಅಳತೆ ಬರೆದುಕೊಂಡೆನೋ ಇಲ್ಲವೋ. ಆಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಜಂಪರಿನೊಳಗೆ ಕೈ ಹಾಕಿ ಒತ್ತಿದೆ. ನೋಯಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಸುತ್ತಲಿನ ಮಾಂಸ ನೋಯಿತು, ಅದು ನೋಯಲಿಲ್ಲ. ಬಟ್ಟೆಯೊಳಗೆ ಉಳಿದ ಟಾಚಣಿ ಪಿನ್ನಿನ ತಲೆಯ ಹಾಗೆ ಜಾರಿಕೊಳ್ಳದೆ ಅಲ್ಲೇ ಇತ್ತು.

ಅಂದಿನಿಂದ ನಾನು ಕೆಲಸದ ನಡುವೆ ಎದ್ದೆದ್ದು ಹೋಗಿ ಒತ್ತಿಕೊಳ್ಳತೊಡಗಿದೆ. ಒಮ್ಮೆಯಾದರೂ ನೋಯಲಿ ಎಂದು. ನೋವಾದರೆ ಅದು ನಮ್ಮ ಗಂಟು, ಕುಬಸದ ಗಂಟು. ನೋಯದಿದ್ದರೆ ಯಲಬುರ್ಗಾದ ಬಾಯಿಯ ಗಂಟು. ನೋವು ಬೇಕೆಂದು ದೇವಿಯನ್ನು ಬೇಡಿಕೊಂಡವರು ನನ್ನ ಹಾಗೆ ಇನ್ನಾರಾದರೂ ಇದ್ದಾರೋ ಇಲ್ಲವೋ. ಎರಡನೇ ಕುಬಸದ ಹಸಿರು ಜಂಪರನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಎದೆಯ ಮಡಿಕೆಗಳನ್ನು, ಟಕ್ಸ್‌ಗಳನ್ನು, ಎರಡೂ ಕಡೆ ಸರಿಸಮ ಹಿಡಿದಿದ್ದೆ, ನನ್ನ ಕೈ ತಪ್ಪುವುದಿಲ್ಲ. ಆದರೂ ಒಂದು ಕಡೆ ಬಟ್ಟೆ ಸಣ್ಣ ನೆರಿಗೆ ಬಿದ್ದು ಒಳಕ್ಕೆ ಎಳೆದಿತ್ತು. ಬಿಚ್ಚಿ ಬಟ್ಟೆ ನೋಡಿದೆ. ಬಟ್ಟೆ ಸರಿಯಾಗಿತ್ತು. ಎಳೆದುಕೊಂಡದ್ದು ಚರ್ಮ.

ಮಷೀನಿನ ಸ್ಟೂಲಿನ ಮೇಲೆ ಕೂತವಳು ಹೊರಗೆ ಗಿರಾಕಿ ಕೂಗಿದರೂ ಏಳಲಿಲ್ಲ.

ಹೆದರಿಕೆ ಒಂದೇ ಬಗೆಯದಾಗಿದ್ದರೆ ಹೇಳುವುದು ಸುಲಭವಿತ್ತು. ಸಾಯುತ್ತೇನೆಂಬುದು ಒಂದು. ಅದಕ್ಕಿಂತ ಮುಂದೆ ಬಂದು ನಿಂತದ್ದು ಬೇರೆ: ಡಾಕ್ಟರ ಹತ್ತಿರ ಹೋದರೆ ಗುಳಿಗೆ, ಸೂಜಿ ಬಿಡಿಸುತ್ತಾರೆ. ಬಿಟ್ಟರೆ ಗದ್ದದ ಮೇಲೆ ಮತ್ತೆ ಮುಳ್ಳೇಳುತ್ತದೆ. ಬಿಟ್ಟು ಬಂದ ಆ ಗಂಡು ಮೈ ಬಾಗಿಲಲ್ಲಿ ನಿಂತು ಕಾಯುತ್ತಿದೆ, ಒಳಗೆ ಬರುತ್ತದೆ ಎಂದು ನಾನು ನಂಬಿದ್ದೆ. ಅದಕ್ಕೇ ದಿನ ತಳ್ಳಿದೆ. ಎಷ್ಟು ದಿನ ಎಂದು ನನಗೆ ನೆನಪಿಲ್ಲ, ನೆನಪಿಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ.

ಕಂಡುಹಿಡಿದದ್ದು ಅವ್ವ. ಒಲೆಯ ಮುಂದೆ ಕೂತು, ನನ್ನ ಕಡೆ ತಿರುಗದೆ ಕೇಳಿದಳು:

"ಅವತ್ತ ನೀ ಯಾಕ ಒದರಲಿಲ್ಲ?"

"ಯಾವತ್ತ?"

"ಗೊತ್ತಿಲ್ದವರಂಗ ಮಾಡಬ್ಯಾಡ. ನಾ ಒತ್ತಿದಾಗ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾಳಿಗಿ ಕೊಪ್ಪಳಕ್ಕ ಹೋಗೂಣು. ಜೋಗ ಇಲ್ಲ ಏನಿಲ್ಲ."

ಬಸ್ಸಿನಲ್ಲಿ ಅವ್ವ ದಾರಿಯುದ್ದಕ್ಕೂ ಮಾತಾಡಿದಳು. ಹೆದರಿದಾಗ ಅವಳು ಹಾಗೆ. ಕಂಡಕ್ಟರ್ ಉಚಿತ ಟಿಕೆಟ್ ಹರಿಯುವ ಮೊದಲು, "ಆಧಾರ್ ತೋರಸ್ರಿ," ಅಂದ.

"ಮುಖ ನೋಡಿದ್ರ ಗೊತ್ತಾಗಂಗಿಲ್ಲೇನಪಾ ಹೆಣ್ಣಂತ?"

"ಗೊತ್ತಾತ್ರಿ ಯವ್ವಾರ, ಹಿಡೀರಿ."

"ನೋಡು, ಮಂಗ್ಯಾನ ಕಣ್ಣ ಛಲೋ ಅದಾವು," ಎಂದು ನನ್ನ ತೊಡೆಗೆ ಹೊಡೆದಳು. ನಾನು ನಗಬೇಕೆಂದು ನೋಡಿದಳು. ಕಾಲುವೆಯ ಗದ್ದೆಗಳು ಮುಗಿದು ಕಲ್ಲುಗುಡ್ಡಗಳು ಶುರುವಾಗುತ್ತಿದ್ದವು. ನನಗೆ ನಗು ಬರಲಿಲ್ಲ.

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಬಸುರಿಯರೇ ಹೆಚ್ಚು. ಒಬ್ಬಳು ನಮ್ಮನ್ನು ನೋಡಿ ಸರಿದು ಜಾಗ ಕೊಟ್ಟಳು. ಮುಟ್ಟಬಾರದೆಂದು ಸರಿದಳೋ, ಕೂರಲಿ ಎಂದು ಸರಿದಳೋ, ನನಗೆ ಕಂಡದ್ದು ಬೆಂಚಿನ ಖಾಲಿ ಜಾಗ ಮಾತ್ರ. ಒಳಗೆ ತಣ್ಣನೆಯ ಜೆಲ್ಲಿ ಹಚ್ಚಿದ ಹೆಂಗಸು ಮೊದಲು ಏನೋ ಮಾತಾಡುತ್ತಿದ್ದಳು, ಊರು ಯಾವುದು, ಜಂಪರಿಗೆ ಎಷ್ಟು ಕೂಲಿ ಎಂದು. ಒಂದು ಜಾಗಕ್ಕೆ ಬಂದಾಗ ಮಾತು ನಿಂತಿತು. ಕೈಯಲ್ಲಿದ್ದ ಯಂತ್ರದ ಹಿಡಿಯನ್ನು ಅದೇ ಜಾಗದ ಮೇಲೆ ಮುಂದೆ ಹಿಂದೆ ಆಡಿಸಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಟ್ಟಿ ನೋಡಿದಳು, ಕಂಕುಳಿನಲ್ಲೂ ಬೆರಳಿಟ್ಟು ನೋಡಿದಳು. "ಇದು ಯಾವಾಗ ಗೊತ್ತಾತು ನಿಮಗ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಕುಬಸ ಮಾಡಿ ಭಾಳ ದಿನಾ ಆತ್ರಿ," ಅಂದಳು.

"ಯಾರಿಗೆ ಕುಬಸ?"

ಅವ್ವ ಬೆರಳು ತೋರಿಸಿದಳು. "ಇದಕ್ಕ್ರಿ."

ಡಾಕ್ಟರ್ ನಗಲಿಲ್ಲ. ಪೆನ್ನು ಕೆಳಗಿಟ್ಟು, "ಹೇಳ್ರಿ," ಅಂದಳು. ಅವ್ವ ಹೇಳಿದಳು. ಗುಳಿಗೆ, ಮೊದಲ ಗಂಟು, ಖಣ, ಅರಿಸಿನ, ಎಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಕೊನೆಗೆ, "ಆರತಿ ಮಾಡೀವ್ರಿ ಮೇಡಂ, ಇದಕ್ಕ ನಾವು ಆರತಿ ಮಾಡೀವಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

"ನಿಮಗ ಹೆಂಗ ಗೊತ್ತಾಗಬೇಕ್ರಿ," ಅಂದಳು ಡಾಕ್ಟರ್. ನನ್ನ ಕಡೆ ತಿರುಗಿ, "ಸೂಜಿ ಹಾಕಿ ಒಂದು ಚೂರು ತಗದು ಪರೀಕ್ಷಾಕ್ಕ ಕಳಸೋಣ. ಅದು ಬರೋತನಕ ಗುಳಗಿ ಬಂದ್. ಆ ಕಂಪೌಂಡರ್ ಸೂಜೀನೂ ಬಂದ್."

"ಇದು ಗುಳಗಿಯಿಂದ ಬಂತೇನ್ರಿ?" ಎಂದೆ.

"ಹಂಗ ಖಚಿತ ಹೇಳಾಕ ಆಗಂಗಿಲ್ರಿ. ಈ ಔಷಧ ತಗೊಳ್ಳೋ ನಿಮ್ಮಂಥವರಿಗೆ ಗಂಡಸರಿಗಿಂತ ಜಾಸ್ತಿ ಬರ್ತೈತಿ, ಬ್ಯಾರೆ ಹೆಂಗಸರಿಗಿಂತ ಕಡಿಮಿ, ಇಷ್ಟು ಗೊತ್ತೈತಿ. ನಿಮಗ ಯಾಕ ಬಂತು ಅಂದ್ರ ನನಗ ಗೊತ್ತಿಲ್ಲ."

ಗುಳಿಗೆ ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅಥವಾ ಕೇಳಬೇಕೆಂದುಕೊಂಡೆ. ಅವ್ವನನ್ನು ಆಮೇಲೆ ವಿಚಾರಿಸಿದರೆ, "ನೀ ಏನೂ ಕೇಳಲಿಲ್ಲ, ಗ್ವಾಡಿ ನೋಡಕೋತ ಕುಂತಿದ್ದಿ," ಎನ್ನುತ್ತಾಳೆ.

ಪರೀಕ್ಷೆಯ ಫಲ ಬರುವ ತನಕದ ದಿನಗಳು ನನ್ನಲ್ಲಿ ಉಳಿದಿಲ್ಲ. ಉಳಿದಿರುವುದು ಗದ್ದ ಮುಟ್ಟಿ ನೋಡಿಕೊಳ್ಳುವ ಕೈ, ಎದೆ ಮುಟ್ಟಿ ನೋಡಿಕೊಳ್ಳುವ ಕೈ. ಒಂದು ಕಡೆ ಏನಾದರೂ ಬಂತೇ ಎಂದು, ಇನ್ನೊಂದು ಕಡೆ ಏನಾದರೂ ಹೋಯಿತೇ ಎಂದು. ಅದು ಕ್ಯಾನ್ಸರೇ ಎಂದು ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಎಡ ಮೊಲೆಯನ್ನು ಪೂರ್ತಿ ತೆಗೆದರು. ಈ ಗಂಟು ಆ ಔಷಧದ ಬಲವನ್ನೇ ಉಂಡು ಬೆಳೆಯುವ ಜಾತಿಯದು, ಇನ್ನು ಮುಂದೆ ಅದನ್ನು ಮುಟ್ಟಬಾರದು ಎಂದರು. ಉಂಡು ಬೆಳೆಯಿತು ಎಂದರು. ಹುಟ್ಟಿದ್ದು ಅದರಿಂದಲೇ ಎಂದು ಅಲ್ಲಿಯೂ ಯಾರೂ ಹೇಳಲಿಲ್ಲ.

ಮನೆಗೆ ಬಂದು, ಕೈ ಮೇಲೆತ್ತಲು ಬರುವ ಹೊತ್ತಿಗೆ ಮಷೀನಿನ ಮೇಲೆ ಬೂದಿ ದಪ್ಪವಾಗಿ ಕೂತಿತ್ತು. ಮೊದಲು ಹೊಲಿದದ್ದು ನನ್ನದೇ ಜಂಪರಿಗೆ ಒಳಚೀಲ. ಯಲಬುರ್ಗಾದ ಬಾಯಿಗೆ ಹೇಗೆ ಹಚ್ಚಿದ್ದೆನೋ ಹಾಗೆಯೇ.

ತಂಗಿ ಆ ದಿನಗಳಲ್ಲಿ ನನ್ನ ಹತ್ತಿರ ಹೆಚ್ಚು ಸುಳಿಯುತ್ತಿರಲಿಲ್ಲ. ಪಾರ್ಲರಿನಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನನ್ನನ್ನು ನೋಡಲು ಅಂಜುತ್ತಾಳೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವ್ವ ಜೋಗಕ್ಕೆ ಹೋದಾಗ ಬಂದು ಮಷೀನಿನ ಪಕ್ಕ ನೆಲದ ಮೇಲೆ ಕೂತಳು. ಕತ್ತರಿಸಿ ಬಿದ್ದ ಚೂರುಗಳನ್ನು ಬೆರಳಿಗೆ ಸುತ್ತುತ್ತ, "ಅಕ್ಕಾ," ಅಂದಳು.

"ಏನ?"

"ನನಗೂ ಬಂದೈತಿ."

ಮಷೀನು ನಿಂತಿತು.

"ಖುಷಿ ಪಡ್ಲೋ ಅಂಜ್ಲೋ, ನೀನ ಹೇಳು."

ಅವಳು ವರ್ಷಗಟ್ಟಲೆ ಕಾದಿದ್ದ ಗಂಟು ಅದು. ನಾನು ಕೇಳಿದೆ, "ನೋಯ್ತೈತೇನ?"

"ಮುಟ್ಟಿದ್ರ ಜೀವ ಹೋಗ್ತೈತಿ."

"ಎರಡೂ ಕಡೆನಾ?"

"ಮೊದಲ ಒಂದ ಕಡೆ. ಈಗ ಎರಡೂ."

"ಹಂಗಾರ ಖುಷಿ ಪಡು," ಅಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು. ಅವಳಿಗೂ ಕೇಳಿಸಿರಬೇಕು. ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಖುಷಿಗೆ ಅತ್ತಳೋ ಅಂಜಿ ಅತ್ತಳೋ ಎಂದು ನಾನು ಕೇಳಲಿಲ್ಲ.

ಅವ್ವನಿಗೆ ಹೇಳಿದೆವು. ಮುಂದಿನ ಸಂತೆಯಿಂದ ಅವಳು ಹಸಿರು ಖಣ ತಂದು ನನ್ನ ಮಷೀನಿನ ಮೇಲೆ ಇಟ್ಟಳು. ನಾನು ಅದರ ಮೇಲೆ ಬಟ್ಟೆ ಹೊದಿಸಿದೆ. ಕತ್ತರಿ ಹಾಕಲಿಲ್ಲ. ತಂಗಿಯನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋದೆ. ಅದೇ ಬೆಂಚು, ಅದೇ ಡಾಕ್ಟರ್. ನೋಡಿ, ಒತ್ತಿ, ತಂಗಿ ಹಲ್ಲು ಕಚ್ಚಿ ಚೀರಿದ ಮೇಲೆ, "ಇದು ಬೆಳವಣಿಗಿ ಐತಿ, ಬ್ಯಾರೆ ಏನಿಲ್ಲ. ಆದ್ರ ಬೊಗಸಿಗಟ್ಟಲೆ ನುಂಗೋದು ಬಿಡ್ರಿ. ಔಷಧ ಬೇಕಂದ್ರ ಇಲ್ಲಿ ಬಂದು ತಗೋರಿ. ನಡನಡುವ ತೋರಸ್ರಿ," ಅಂದಳು.

ಬಸ್‌ಸ್ಟ್ಯಾಂಡಿನಲ್ಲಿ ತಂಗಿಗೆ ಬಿಸಿ ಮಿರ್ಚಿ ಭಜಿ ಕೊಡಿಸಿದೆ. ಅವಳು ತಿನ್ನುತ್ತ ತಿನ್ನುತ್ತ, "ಅಕ್ಕಾ, ನನಗ ಖುಷಿ ಆಗೈತಿ. ನಿನ್ನ ಮುಂದ ಖುಷಿ ಪಡಾಕ ನಾಚಿಕಿ ಆಗ್ತೈತಿ," ಅಂದಳು.

"ಪಡು ಮಾರಾಯ್ತಿ. ಬಾಯಿ ಸುಟ್ಕೋಬ್ಯಾಡ."

ಖಣಕ್ಕೆ ಕತ್ತರಿ ಹಾಕಿದ್ದು ಮರುದಿನ. ಬೆಳೆಯುವ ಹುಡುಗಿಯರ ಜಂಪರಿಗೆ ಬಿಡುವ ಹಾಗೆ ಒಳಗೆ ಅಗಲವಾಗಿ ಬಟ್ಟೆ ಬಿಟ್ಟು ಹೊಲಿದೆ. ಕುಬಸ ಆಯಿತು, ಹೆಂಗಸರು ಬಂದರು. ಅವ್ವ ಅರಿಸಿನ ಹಚ್ಚಿದಳು, ಆದರೆ ಒತ್ತಲಿಲ್ಲ. ಅಂಗೈಯನ್ನು ಹಗುರವಾಗಿ ಇಟ್ಟು ತೆಗೆದಳು.

ಆವತ್ತು ನಾನು ಅವ್ವನನ್ನು ಕೇಳಿದೆ. "ನನಗ ಎರಡನೇ ಸಲ ಅರಿಸಿಣ ಹಚ್ಚಿದಾಗ ಯಾವ ಕಡೆ ಒತ್ತಿದ್ದಿ?"

"ಬಲಕ್ಕ," ಅಂದಳು ತಟ್ಟನೆ. ಆಮೇಲೆ ತನ್ನ ಎರಡೂ ಕೈ ಎತ್ತಿ ನೋಡಿಕೊಂಡಳು. "ನಾ ಎದುರಿಗಿ ಕುಂತಿದ್ದೆ. ನನ್ನ ಬಲಕ್ಕೋ ನಿನ್ನ ಬಲಕ್ಕೋ. ಯಾಕ?"

"ಏನಿಲ್ಲ."

ಏನಿಲ್ಲ ಎನ್ನುವುದು ಸುಳ್ಳು. ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ. ಎಡಗಡೆ ಈಗ ಎಲುಬು, ಹೊಲಿಗೆಯ ಗೆರೆ, ಅರಳೆಯ ಚೀಲ. ಬಲಗಡೆ ನನ್ನದು ಉಳಿದಿದೆ. ದಿನ ಬೆಳಗಾದರೆ ಬಚ್ಚಲಿನಲ್ಲಿ ಸಾಬೂನಿನ ಕೈಯಿಂದ ಬಲಗಡೆಯ ಹೊರ ಅಂಚನ್ನು, ಕಂಕುಳಿಗೆ ಹತ್ತಿರ, ಹುಡುಕುತ್ತೇನೆ. ಕೆಲವು ದಿನ ಏನೋ ಇದೆ ಎನಿಸುತ್ತದೆ, ಮರುದಿನ ಅದು ಇರುವುದಿಲ್ಲ. ಡಾಕ್ಟರ್ ನೋಡಿ ಏನೂ ಇಲ್ಲ ಎಂದಿದ್ದಾಳೆ. ಅವಳ ಮಾತನ್ನು ನಾನು ನಂಬುತ್ತೇನೆ. ಆದರೆ ಬಿಸಿಲು ಬಿದ್ದ ಆ ಬಚ್ಚಲಿನಲ್ಲಿ, ನನಗೆ ಖುಷಿಯಾದ ಆ ಬೆಳಿಗ್ಗೆ, ಬೆರಳಿಗೆ ತಗಲಿದ್ದು ಬಲಗಡೆಯೇ ಎಂದು ನೆನಪು ಹಟ ಹಿಡಿದಿದೆ. ನೆನಪು ತಪ್ಪಿದೆಯೋ, ಅಲ್ಲಿಯೂ ಒಂದು ಇತ್ತೋ, ನನಗೆ ಗೊತ್ತಿಲ್ಲ.